ಎಲ್ಲರಿಗೂ ಶೇ 30 ಏರಿಕೆ, ನನಗೆ ಮಾತ್ರ ಸಂಕಟ

ನಿಮ್ಮ ಪತ್ರ ಓದಿದ ಮೇಲೆ ಉಳಿದ ಪತ್ರಗಳನ್ನು ಬದಿಗಿಟ್ಟೆ. ನೀವು ವರ್ಷಗಟ್ಟಲೆ ದುಡಿದ ಕಂಪನಿಯನ್ನು ವಿದೇಶಿ ಸಂಸ್ಥೆಯೊಂದು ಕೊಂಡಿತು, ಎಲ್ಲರ ಸಂಬಳವೂ ಶೇ 30ರಷ್ಟು ಏರಿತು. ಆ ಖುಷಿಯಲ್ಲಿ ಪುರುಷ ಸಹೋದ್ಯೋಗಿಯೊಬ್ಬರು ತಮ್ಮ ಸಂಬಳ ಹೇಳಿಬಿಟ್ಟರು. ಒಟ್ಟಿಗೇ ಸೇರಿದವರು, ಒಂದೇ ಕೆಲಸ; ಆದರೂ ಮೊದಲಿನಿಂದ ಅವರಿಗೆ 100 ಇದ್ದರೆ ನಿಮಗೆ 80. 'ಏರಿದೆಯಲ್ಲ, ತೆಪ್ಪಗಿರು' ಎನ್ನುತ್ತಾರೆ ನಿಮ್ಮ ಅಣ್ಣ. ಹೆಚ್ಚು ಕೇಳಿದರೆ ದುರಾಸೆಯಾಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ.

ಪತ್ರದ ನಡುವೆ ಒಂದು ಸಾಲನ್ನು ನೀವು ಹಾಗೇ ತೇಲಿಸಿಬಿಟ್ಟಿದ್ದೀರಿ: 'ಹೊಸಬರು ಫಾರ್ಮ್‌ನಲ್ಲಿ ಹಳೇ ಸಂಬಳ ಬರೆಸಿಕೊಂಡರು.' ಎಡವಟ್ಟಾಗಿದ್ದು ಅಲ್ಲೇ ತಾಯಿ! ಹಳೇ ಸಂಬಳಕ್ಕೇ ಶೇಕಡಾವಾರು ಹಾಕಿದ್ದರಿಂದ ಅವರದು 130 ಆಯಿತು, ನಿಮ್ಮದು 104. ಅಂತರ 20ರಿಂದ 26ಕ್ಕೆ ಬೆಳೆಯಿತು. ಹಳೇ ಯಜಮಾನರು ಮಾಡಿದ ತಾರತಮ್ಯಕ್ಕೆ ಹೊಸಬರು ಮೊಹರು ಒತ್ತಿದರು. ಐರೋಪ್ಯ ಒಕ್ಕೂಟವು 2023ರ ವೇತನ ಪಾರದರ್ಶಕತೆ ನಿರ್ದೇಶನದಲ್ಲಿ ಅಭ್ಯರ್ಥಿಗಳ ಹಿಂದಿನ ಸಂಬಳ ಕೇಳುವುದನ್ನೇ ನಿಷೇಧಿಸಿರುವುದು ಇಂಥ ಅನ್ಯಾಯ ಮುಂದುವರಿಯಬಾರದೆಂದೇ.

ವಿದೇಶಿ ಬಂಡವಾಳದ ಕಂಪನಿಗಳು ಸಾಮಾನ್ಯವಾಗಿ ಸ್ಥಳೀಯ ಕಂಪನಿಗಳಿಗಿಂತ ಹೆಚ್ಚು ಸಂಬಳ ಕೊಡುತ್ತವೆ, ನಿಜ. ಆದರೆ ಆ ಹೆಚ್ಚಳದ ದೊಡ್ಡ ಪಾಲು ಹೋಗುವುದು ಮೇಲಿನ ಹುದ್ದೆಗಳಿಗೆ, ಅಲ್ಲಿ ಹೆಂಗಸರೇ ಕಡಿಮೆ. ಮೇಲಾಗಿ ಇನ್ನೊಂದು ದೇಶದ ಗಡಿಯಾರ ನೋಡಿಕೊಂಡು ಅಪರಾತ್ರಿಯಲ್ಲಿ ಮೀಟಿಂಗ್‌ಗೆ ಕೂರಬೇಕು. ಯಾವಾಗ ಕರೆದರೂ ಸಿಗುವವರಿಗೆ ವಿಪರೀತ ಬೆಲೆ ಕಟ್ಟುವ ಉದ್ಯೋಗಗಳಲ್ಲಿ ಗಂಡು ಹೆಣ್ಣಿನ ವೇತನದ ಅಂತರ ಹಿಗ್ಗುತ್ತದೆ ಎಂದು 2023ರ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ತೋರಿಸಿದ್ದಾರೆ. ಮನೆ, ಮಕ್ಕಳು ಎಂದು ಹೊರಡಬೇಕಾದವರು ಹಿಂದುಳಿಯುತ್ತಾರೆ.

ನಿಮ್ಮ ಅಣ್ಣನ ಮೇಲೆ ನನಗೆ ಸಿಟ್ಟು ಬಂದಿದೆ. ಪಕ್ಕದ ಕುರ್ಚಿಯವನಿಗೆ ಹೆಚ್ಚು ಬಂದಿದ್ದರೆ ಅವರು ತೆಪ್ಪಗಿರುತ್ತಿದ್ದರೇ? ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂಬ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂಗೀಕರಿಸಿದ್ದು 1951ರಲ್ಲಿ. ಇದರಲ್ಲಿ ದುರಾಸೆ ಎಲ್ಲಿ ಬಂತು? ಆ ಸಹೋದ್ಯೋಗಿಗೆ ಮಾತ್ರ ಮನಸಾರೆ ಕೃತಜ್ಞತೆ ಹೇಳಿ. ಸಂಬಳದ ಗುಟ್ಟು ಕಾಯುವುದರಿಂದ ಲಾಭ ಯಜಮಾನರಿಗಷ್ಟೇ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೂ ಬರೆಯುತ್ತೇನೆ.

ಈಗ ಮಾಡಬೇಕಾದ್ದು ಒಂದೇ. ಇನ್ನಷ್ಟು ಏರಿಸಿ ಎಂದು ಅಂಗಲಾಚಬೇಡಿ. 'ನನ್ನ ಹುದ್ದೆಯ ಕನಿಷ್ಠ, ಗರಿಷ್ಠ ಸಂಬಳ ಎಷ್ಟು? ನಾನು ಅದರಲ್ಲಿ ಎಲ್ಲಿದ್ದೇನೆ, ಯಾಕೆ?' ಎಂದು ಎಚ್‌ಆರ್‌ಗೆ ಇಮೇಲ್ ಬರೆಯಿರಿ. ಸಹೋದ್ಯೋಗಿಯ ಹೆಸರು ಎತ್ತಬೇಡಿ. ಬಾಯಿಮಾತಲ್ಲಿ ಉತ್ತರ ಕೊಟ್ಟರೆ, ಅದನ್ನೇ ಬರೆದು ಕಳಿಸಿ ಎನ್ನಿ. ಹೊಸ ವೇತನ ಶ್ರೇಣಿ ಮುಂದಿನ ತಿಂಗಳು ಅಂತಿಮವಾಗುತ್ತದೆಂದು ನೀವೇ ತಿಳಿಸಿದ್ದೀರಿ. ಇಮೇಲ್ ಈ ವಾರವೇ ಹೋಗಬೇಕು.