ಮೊದಲ ವಿಶ್ವವಿದ್ಯಾಲಯ ನರ್ಸಿಂಗ್ ಶಾಲೆ: ಮಿನೆಸೋಟಾವೋ, ಯೇಲೋ?

ಪ್ರಶ್ನೆ: ನಾನು ನರ್ಸಿಂಗ್ ಪದವಿ ವಿದ್ಯಾರ್ಥಿನಿ. ಅಮೆರಿಕದ ಮೊದಲ ವಿಶ್ವವಿದ್ಯಾಲಯ ನರ್ಸಿಂಗ್ ಶಾಲೆ 1909ರಲ್ಲಿ ಮಿನೆಸೋಟಾದಲ್ಲಿ ಆರಂಭವಾಯಿತೆಂದು ಒಂದು ಪಠ್ಯದಲ್ಲಿಯೂ, 1923ರಲ್ಲಿ ಯೇಲ್‌ನಲ್ಲಿ ಆರಂಭವಾಯಿತೆಂದು ಇನ್ನೊಂದರಲ್ಲಿಯೂ ಓದಿದೆ. ಯಾವುದು ಸರಿ?

ಉತ್ತರ: ಎರಡು ಪಠ್ಯಗಳಲ್ಲಿಯೂ ತಪ್ಪಿಲ್ಲ, ಅವುಗಳ ಅಳತೆಗೋಲು ಮಾತ್ರ ಬೇರೆ. ವಿಶ್ವವಿದ್ಯಾಲಯದ ಹೆಸರಿನೊಡನೆ ನಂಟಿದ್ದರೆ ಸಾಕು ಎನ್ನುವುದಾದರೆ, 1890ರಲ್ಲಿ ಗಾಲ್ವೆಸ್ಟನ್‌ನ ಜಾನ್ ಸೀಲಿ ಆಸ್ಪತ್ರೆಯಲ್ಲಿ ಆರಂಭವಾಗಿ ಅದೇ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ ಶಾಲೆ ಇವೆರಡಕ್ಕಿಂತಲೂ ಹಳೆಯದು. ನರ್ಸಿಂಗ್ ಪ್ರಾಧ್ಯಾಪಕ ಪೀಠವನ್ನು ಲೆಕ್ಕಕ್ಕೆ ಹಿಡಿದರೆ, 1907ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಆ ಹುದ್ದೆಗೇರಿದ ಮೇರಿ ಅಡಿಲೇಡ್ ನಟಿಂಗ್ ಅವರ ಹೆಸರು ಮೊದಲು ಬರಬೇಕು. ಆದರೆ ಅಲ್ಲಿ ಕಲಿಯುತ್ತಿದ್ದವರು ಆಗಲೇ ತರಬೇತಿ ಮುಗಿಸಿದ್ದ ನರ್ಸ್‌ಗಳು. ಹಾಗಾಗಿ, ವಿದ್ಯಾರ್ಥಿನಿಯ ದಿನದ ಹೊತ್ತು ಯಾರ ಅಧೀನದಲ್ಲಿತ್ತು, ಅವಳ ಕಲಿಕೆಯ ಖರ್ಚು ಯಾರ ಖಜಾನೆಯಿಂದ ಹೋಗುತ್ತಿತ್ತು ಎಂದು ಕೇಳುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಪರೀಕ್ಷೆ.

ಇದಕ್ಕೆ ಕಾರಣ ಹಿಂದಿನ ಕಾಲದಲ್ಲಿದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶಾಲೆ ಆರಂಭವಾದಾಗ, ಸಾರ್ವಜನಿಕರ ವಂತಿಗೆಯಿಂದ ಕೂಡಿದ ಪ್ರತ್ಯೇಕ ನಿಧಿಯೊಂದು ಅದರ ಬೆನ್ನಿಗಿತ್ತು. 1873ರಲ್ಲಿ ನ್ಯೂಯಾರ್ಕ್, ನ್ಯೂ ಹೇವನ್ ಮತ್ತು ಬಾಸ್ಟನ್ ನಗರಗಳಲ್ಲಿ ಅದೇ ಮಾದರಿಯ ಶಾಲೆಗಳು ಹುಟ್ಟಿಕೊಂಡವು. ಅವು ಮೊದಮೊದಲು ಸ್ವತಂತ್ರ ಸಮಿತಿಗಳ ಕೈಯಲ್ಲಿದ್ದರೂ ಮೂಲಧನದ ಆಸರೆ ಇರಲಿಲ್ಲ. ಹೀಗಾಗಿ ಅಮೆರಿಕದ ನರ್ಸಿಂಗ್ ಶಾಲೆಗಳು ಬಹುಪಾಲು ಆಸ್ಪತ್ರೆಗಳ ಆಡಳಿತಕ್ಕೆ ಒಳಪಟ್ಟವು. ಶಾಲೆಯನ್ನು ನಡೆಸಿದರೆ ಅಗ್ಗದಲ್ಲಿ ದುಡಿಯುವ ಕೈಗಳು ಸಿಗುತ್ತವೆ ಎಂಬುದು ಆಸ್ಪತ್ರೆಗಳಿಗೆ ಬೇಗನೆ ಅರ್ಥವಾಯಿತು. ವಿದ್ಯಾರ್ಥಿನಿ ಬೆಳಗಿನಿಂದ ಹಾಸಿಗೆ ಸರಿಪಡಿಸಿ, ಬೆಡ್‌ಪ್ಯಾನ್ ತೊಳೆದು, ಊಟದ ತಟ್ಟೆಗಳನ್ನು ಹೊತ್ತು, ಒಗೆದು ಬಂದ ಬಟ್ಟೆಗಳನ್ನು ಮಡಚಿಟ್ಟು, ಸಂಜೆಯ ಮೇಲೆ ನಿದ್ದೆಗಣ್ಣಿನಲ್ಲಿ ಪಾಠಕ್ಕೆ ಕೂರುತ್ತಿದ್ದಳು. ಪಾಠ ಮಾಡಬೇಕಾದ ವೈದ್ಯರಿಗೆ ಬಿಡುವಾಗದಿದ್ದರೆ ಅದೂ ಇಲ್ಲ.

ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಇದನ್ನು ಬದಲಿಸಲು ಹೊರಟವರು ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ, ವೈದ್ಯ ರಿಚರ್ಡ್ ಓಲ್ಡಿಂಗ್ ಬಿಯರ್ಡ್. ಹೆಚ್ಚು ಓದಿದ ನರ್ಸ್ ಹೇಳಿದ ಮಾತು ಕೇಳುವುದಿಲ್ಲ ಎಂದು ಬಹಿರಂಗವಾಗಿಯೇ ವಾದಿಸುವ ವೈದ್ಯರಿದ್ದ ಕಾಲವದು. ಆ ವೃತ್ತಿಯವರೇ ಒಬ್ಬರು ನರ್ಸಿಂಗ್ ಶಿಕ್ಷಣದ ಪರ ನಿಂತದ್ದು ಸಣ್ಣ ಸಂಗತಿಯಲ್ಲ. 1909ರಲ್ಲಿ ಆರಂಭವಾದ ಶಾಲೆಯಲ್ಲಿ ಪ್ರವೇಶದ ಅರ್ಹತೆಯನ್ನು ವಿಶ್ವವಿದ್ಯಾಲಯ ನಿಗದಿಪಡಿಸಿತು, ಪಾಠವನ್ನೂ ವಿಶ್ವವಿದ್ಯಾಲಯದ ಅಧ್ಯಾಪಕರೇ ಮಾಡಿದರು. ಆದರೆ ಮೂರು ವರ್ಷದ ಕೊನೆಗೆ ಸಿಗುತ್ತಿದ್ದುದು ಡಿಪ್ಲೊಮಾ. ವಾರಕ್ಕೆ 56 ಗಂಟೆಗಳ ವಾರ್ಡ್ ದುಡಿಮೆಯೂ ತಪ್ಪಲಿಲ್ಲ. ಪದವಿ ಕೊಡುವ ಐದು ವರ್ಷದ ಕೋರ್ಸ್ 1919ರಲ್ಲಷ್ಟೇ ಬಂತು. ವಿಶ್ವವಿದ್ಯಾಲಯದ ಅಂಗವಾಗಿಯೇ ಹುಟ್ಟಿದ ಶಾಲೆ ಎಂಬ ಮನ್ನಣೆ ಮಿನೆಸೋಟಾಕ್ಕೆ ನ್ಯಾಯವಾಗಿಯೇ ಸಲ್ಲುತ್ತದೆ, ಆದರೂ ವಿದ್ಯಾರ್ಥಿನಿಯ ಹೊತ್ತು ಇನ್ನೂ ಆಸ್ಪತ್ರೆಯ ಕೈಯಲ್ಲಿಯೇ ಇತ್ತು.

ಯೇಲ್ ಭಿನ್ನವಾಗುವುದು ಇಲ್ಲಿ. ನರ್ಸಿಂಗ್ ಶಿಕ್ಷಣದ ಸ್ಥಿತಿಗತಿಯನ್ನು ಅರಿಯಲು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಡೆದ ಅಧ್ಯಯನದ ವರದಿ 1923ರಲ್ಲಿ ಪ್ರಕಟವಾಯಿತು. ಅಧ್ಯಯನ ನಡೆಸಿದ ಜೋಸೆಫೀನ್ ಗೋಲ್ಡ್‌ಮಾರ್ಕ್ ಅವರ ಹೆಸರಿನಿಂದಲೇ ಅದು ಇಂದಿಗೂ ಪ್ರಸಿದ್ಧ. ಒಂದು ಕೆಲಸ ಕೈಗೆ ಪೂರ್ತಿ ಹತ್ತಿದ ಮೇಲೂ, ಕಲಿಯಲು ಅದರಲ್ಲಿ ಏನೂ ಉಳಿದಿಲ್ಲದಿದ್ದರೂ, ವಿದ್ಯಾರ್ಥಿನಿಯರಿಂದ ಅದನ್ನೇ ಮತ್ತೆ ಮತ್ತೆ ಮಾಡಿಸಲಾಗುತ್ತಿದೆ ಎಂಬುದನ್ನು ವರದಿ ಎತ್ತಿ ತೋರಿಸಿತು. ಆಸ್ಪತ್ರೆಯ ಅಗತ್ಯಕ್ಕೂ ಶಾಲೆಯ ಉದ್ದೇಶಕ್ಕೂ ಘರ್ಷಣೆಯಾದಾಗಲೆಲ್ಲ ಸೋಲುತ್ತಿದ್ದುದು ಶಾಲೆಯೇ ಎಂದಿತು. ಆ ಅಧ್ಯಯನ ಸಮಿತಿಯ ಅಧ್ಯಕ್ಷರು ಯೇಲ್‌ನ ಸಾರ್ವಜನಿಕ ಆರೋಗ್ಯ ಪ್ರಾಧ್ಯಾಪಕ ವಿನ್‌ಸ್ಲೋ ಎಂಬುದನ್ನು ಗಮನಿಸಿದರೆ, ಹೊಸ ಪ್ರಯೋಗ ಯೇಲ್‌ನಲ್ಲಿಯೇ ನಡೆದದ್ದು ಆಶ್ಚರ್ಯವೆನಿಸುವುದಿಲ್ಲ.

ಅದೇ ವರ್ಷ ಪ್ರತಿಷ್ಠಾನದ ಹಣದಿಂದ ಯೇಲ್ ಶಾಲೆ ಆರಂಭವಾಯಿತು. ನ್ಯೂ ಹೇವನ್ನಿನಲ್ಲಿ 1873ರಿಂದ ಇದ್ದ ಕನೆಕ್ಟಿಕಟ್ ತರಬೇತಿ ಶಾಲೆಯ ಸ್ಥಾನವನ್ನು ಕ್ರಮೇಣ ಇದೇ ತುಂಬಿತು. ಸೇನೆಯ ನರ್ಸಿಂಗ್ ಶಾಲೆಯನ್ನು ಕಟ್ಟಿದ ಅನುಭವವಿದ್ದ ಆ್ಯನಿ ಗುಡ್‌ರಿಚ್ ಡೀನ್ ಆದರು. ಯೇಲ್‌ನಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರೇ. ಶಾಲೆಗೆ ತನ್ನದೇ ಅಧ್ಯಾಪಕ ವರ್ಗ ಮತ್ತು ತನ್ನದೇ ಆಯವ್ಯಯ ಇದ್ದುದರಿಂದ, ಆಸ್ಪತ್ರೆಯಲ್ಲಿ ಆಳು ಕಡಿಮೆಯಾದರೆ ವಿದ್ಯಾರ್ಥಿನಿಯರನ್ನು ತರಗತಿಯಿಂದ ಎಬ್ಬಿಸಿ ಕರೆದೊಯ್ಯುವ ಅಧಿಕಾರ ಯಾರಿಗೂ ಉಳಿಯಲಿಲ್ಲ. ಕೋರ್ಸಿನ ಅವಧಿ ಮೂರು ವರ್ಷದಿಂದ 28 ತಿಂಗಳಿಗೆ ಇಳಿಯಿತು. ಕಲಿಸುವ ಹೊರೆ ತಗ್ಗಿತೆಂದು ಇದರ ಅರ್ಥವಲ್ಲ, ವ್ಯರ್ಥ ದುಡಿಮೆಯನ್ನು ತೆಗೆದುಹಾಕಿದರೆ ಉಳಿಯುತ್ತಿದ್ದ ಕಾಲವೇ ಅಷ್ಟು.

ವಾರ್ಡಿನೊಳಗಿನ ಬದಲಾವಣೆ ಇದಕ್ಕಿಂತಲೂ ಮುಖ್ಯವೆಂದು ನಾನು ಎಣಿಸುತ್ತೇನೆ. ಹಳೆಯ ಪದ್ಧತಿಯಲ್ಲಿ ಒಬ್ಬಳು ಎಲ್ಲರ ಜ್ವರ ನೋಡಿದರೆ ಇನ್ನೊಬ್ಬಳು ಎಲ್ಲರ ಮೈ ಒರೆಸುತ್ತಿದ್ದಳು, ಮತ್ತೊಬ್ಬಳು ಔಷಧ ಹಂಚುತ್ತಿದ್ದಳು. ಯಾವ ರೋಗಿಯೂ ಯಾರಿಗೂ ಇಡಿಯಾಗಿ ಪರಿಚಿತನಲ್ಲ. ಯೇಲ್‌ನಲ್ಲಿ ವಿದ್ಯಾರ್ಥಿನಿಗೆ ಕೆಲವೇ ರೋಗಿಗಳನ್ನು ಒಪ್ಪಿಸಿ, ಅವರ ಆರೈಕೆಯನ್ನೆಲ್ಲ ಅವಳಿಂದಲೇ ಮಾಡಿಸಿ, ಕಾಯಿಲೆಯ ಜೊತೆಗೆ ಮನೆಯ ಪರಿಸ್ಥಿತಿಯನ್ನೂ ಅಧ್ಯಯನ ಮಾಡಿ ಬರೆಯುವಂತೆ ಹೇಳಲಾಗುತ್ತಿತ್ತು. ಇಂದು ನೀವು ಬರೆಯುವ ಕೇಸ್ ಸ್ಟಡಿ ಇದರದೇ ಜಾಡಿನದು.

ಪ್ರಶ್ನೆ: ಯೇಲ್‌ನಲ್ಲಿ ಪದವೀಧರರಿಗೆ ಮಾತ್ರ ನರ್ಸಿಂಗ್ ಪ್ರವೇಶವೆಂದು ಕೇಳಿದ್ದೇನೆ. ಈ ನಿಯಮ ಮೊದಲಿನಿಂದಲೂ ಇತ್ತೇ?

ಉತ್ತರ: ಇರಲಿಲ್ಲ. ರಾಕ್‌ಫೆಲರ್ ನೆರವು ಮೊದಲು ಐದು ವರ್ಷದ ಪ್ರಯೋಗಕ್ಕೆಂದು ಬಂದದ್ದು. 1929ರಲ್ಲಿ 10 ಲಕ್ಷ ಡಾಲರ್‌ಗಳ ಶಾಶ್ವತ ನಿಧಿ ದೊರೆತ ಮೇಲೆ ಶಾಲೆಯ ಕಾಲಿಗೆ ನೆಲ ಸಿಕ್ಕಿತು. ಬೇರೆ ವಿಷಯದಲ್ಲಿ ಪದವಿ ಪಡೆದವರನ್ನಷ್ಟೇ ಸೇರಿಸಿಕೊಂಡು ನರ್ಸಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಕೊಡುವ ಕ್ರಮ ಜಾರಿಗೆ ಬಂದದ್ದು 1934ರಲ್ಲಿ, ಗುಡ್‌ರಿಚ್ ನಿವೃತ್ತರಾದ ವರ್ಷ. 1950ರ ದಶಕದಲ್ಲಿ ಯೇಲ್ ಈ ಮೂಲ ಶಿಕ್ಷಣವನ್ನೇ ನಿಲ್ಲಿಸಿ, ಆಗಲೇ ನರ್ಸ್ ಆಗಿದ್ದವರ ಉನ್ನತ ವ್ಯಾಸಂಗ ಮತ್ತು ಸಂಶೋಧನೆಯ ಕಡೆಗೆ ತಿರುಗಿತು. ಅದರಿಂದ ಲಾಭವೂ ಆಯಿತು: ನರ್ಸಿಂಗ್ ಚಿಂತಕಿ ವರ್ಜೀನಿಯಾ ಹೆಂಡರ್ಸನ್ ಅವರ ಸಂಶೋಧನೆ ಅಲ್ಲಿ ಬೆಳೆಯಿತು, ಡೀನ್ ಆಗಿದ್ದ ಫ್ಲಾರೆನ್ಸ್ ವಾಲ್ಡ್ ಮುಂದೆ ಅಮೆರಿಕದಲ್ಲಿ ಹಾಸ್ಪೈಸ್ ಆರೈಕೆಗೆ, ಎಂದರೆ ಸಾವಿನಂಚಿನ ರೋಗಿಗಳ ಆರೈಕೆಗೆ, ಅಡಿಪಾಯ ಹಾಕಿದರು. ಆದರೆ ಹೊಸಬರನ್ನು ನರ್ಸ್ ಆಗಿ ರೂಪಿಸುವ ಕೆಲಸ ಅಷ್ಟು ಕಾಲ ಅಲ್ಲಿ ನಿಂತೇ ಹೋಗಿತ್ತು. ನರ್ಸಿಂಗ್ ಓದದ ಪದವೀಧರರಿಗೆ ಮತ್ತೆ ಬಾಗಿಲು ತೆರೆದದ್ದು 1974ರಲ್ಲಿ, ಮೂಲ ತರಬೇತಿಯನ್ನೂ ವಿಶೇಷ ವಿಭಾಗದ ವ್ಯಾಸಂಗವನ್ನೂ ಒಟ್ಟಿಗೆ ಕಲಿಸುವ ಮೂರು ವರ್ಷದ ಕೋರ್ಸಿನೊಂದಿಗೆ.