ಕ್ಲಚ್ ತಳಕ್ಕ ಹೋಗ್ತದ, ಗೇರ್ ಬಾಕ್ಸ್ ಇಳಸ್ಬೇಕೇನ್ರಿ?

ಪ್ರಶ್ನೆ: ನಮಸ್ಕಾರ್ರಿ ಸರ್. ನಂದು 2003ರ ಡೀಸೆಲ್ ಗಾಡಿ ಅದ, ವಾರಕ್ಕ ಮೂರು ಸಲ ಕಲಬುರಗಿಗಿ ಬರ್ತೀನಿ. ಮುಂಜಾನಿ ಗೇರ್ ಚಂದ ಬೀಳ್ತಾವ, ಮಧ್ಯಾಹ್ನ ಸೂಪರ್ ಮಾರ್ಕೆಟ್ ಟ್ರಾಫಿಕ್ಕಿನ್ಯಾಗ ಸಿಕ್ಕೆ ಅಂದ್ರ ಪೆಡಲ್ ಸೀದಾ ತಳಕ್ಕ ಹೋಗ್ತದ, ಫಸ್ಟ್ ಬೀಳಂಗಿಲ್ಲ, ರಿವರ್ಸ್ ಹಾಕಿದ್ರ ಗರ್ರ್ ಅಂತದ. ಮೂರ್ನಾಕು ಸಲ ಪಂಪ್ ಹೊಡದ್ರ ಬೀಳ್ತದ. ಎರಡು ಸಲ ಕ್ಲಚ್ ಪೈಪಿನ್ಯಾಗಿನ ಏರ್ ತೆಗಸೀನಿ, ಫರಕ್ ಇಲ್ಲ. ಕ್ಲಚ್ ಆಯಿಲ್ ಬಾಟ್ಲಿದಾಗ ಆಯಿಲ್ ಕಮ್ಮಿ ಆಗಿಲ್ಲ, ನೆಲಕ್ಕೂ ಸೋರಿಲ್ಲ. ಮಿಸ್ತ್ರಿ ಕ್ಲಚ್ ಪ್ಲೇಟ್ ಹೋಗ್ಯದ, ಗೇರ್ ಬಾಕ್ಸ್ ಇಳಸ್ಬೇಕು ಅಂತಾನ.
– ಓದುಗ, ಆಳಂದ

ಉತ್ತರ: ತಡೀರಿ, ಈಗೇ ಇಳಸ್ಬ್ಯಾಡ್ರಿ. ಪ್ಲೇಟ್ ಸವದಿದ್ರ ಗೇರ್ ಬೀಳ್ತಿದ್ವು, ಗಾಡಿ ಎಳೀತಿರ್ಲಿಲ್ಲ, ಏರಿನ್ಯಾಗ ಇಂಜಿನ್ ಬರೇ ಒದರ್ತಿತ್ತು. ನಿಮ್ಮದು ಉಲ್ಟಾ, ಕ್ಲಚ್ ಪೂರಾ ಬಿಡ್ಲಿಕತ್ತಿಲ್ಲ. ಮತ್ತ ಪಂಪ್ ಹೊಡದ್ರ ಸರಿ ಆಗ್ತದಂತೀರಿ, ಪ್ಲೇಟಿಗಿ ಪಂಪ್ ಏನ್ ಗೊತ್ರಿ, ಅದು ಆಯಿಲಿನ ಕಥಿ.

ಮಾರುತಿ 800ದಾಗ ಕ್ಲಚ್ ಕೇಬಲ್ ಎಳೀತದ. ನಿಮ್ಮ ಗಾಡಿದಾಗ ಪೆಡಲ್ ಮುಂದ ಆಯಿಲ್ ಒತ್ತೋ ಮಾಸ್ಟರ್ ಸಿಲಿಂಡರ್, ಕೆಳಗ ಗೇರ್ ಬಾಕ್ಸ್ ಬಾಜೂಕ ಆ ಒತ್ತಡಕ್ಕ ಕ್ಲಚ್ ಬಿಡಿಸೋ ಸ್ಲೇವ್ ಸಿಲಿಂಡರ್, ನಡುವಿನ ಪೈಪಿನ್ಯಾಗ ಬ್ರೇಕ್ ಆಯಿಲ್. ಮಾಸ್ಟರ್ ಒಳಗಿನ ರಬ್ಬರ್ ಸವದದ ಅಂದ್ರ ನೀವು ತುಳದ ಆಯಿಲ್ ಸ್ಲೇವಿಗಿ ಹೋಗೋ ಬದ್ಲಿ ರಬ್ಬರ್ ದಾಟಿ ವಾಪಸ್ ಬಾಟ್ಲಿಗೇ ಬರ್ತದ, ಅದಕ್ಕ ಹೊರಗ ಒಂದು ಹನಿ ಇಲ್ಲ, ಲೆವೆಲ್ಲೂ ಇಳಿಯಂಗಿಲ್ಲ. ನಮ್ಮ ಕಡಿ ಬಿಸಲಿಗಿ, ಮ್ಯಾಲ ಇಂಜಿನ್ ಕಾವಿಗಿ ಆಯಿಲ್ ತೆಳ್ಳಗಾಗಿ ಇನ್ನಾ ಜಲ್ದಿ ಜಾರ್ತದ, ಮಧ್ಯಾಹ್ನದ ತ್ರಾಸು ಅದೇ.

ಪಕ್ಕಾ ಮಾಡ್ಕೋಬೇಕಂದ್ರ ಖಾಲಿ ಜಾಗದಾಗ ಗಾಡಿ ಚಾಲೂ ಇಟ್ಟು, ಫಸ್ಟ್ ಹಾಕಿ, ಕ್ಲಚ್ ಪೂರಾ ತುಳದು ಒಂದು ನಿಮಿಷ ಕಾಲು ಅಲ್ಲಾಡಿಸ್ದೇ ಹಿಡೀರಿ, ಇನ್ನೊಂದು ಕಾಲು ಬ್ರೇಕ್ ಮ್ಯಾಲೇ ತಯಾರಿರ್ಲಿ. ಗಾಡಿ ಮೆಲ್ಲಕ ಮುಂದ ಸರೀಲಿಕತ್ತಿತು ಅಂದ್ರ ಮಾಸ್ಟರ್ ಹೋಗ್ಯದ ಅಂತ ತಿಳೀರಿ. ಕೈ ಹಚ್ಚಿದ ಮ್ಯಾಲ ಸ್ಲೇವಿನ ರಬ್ಬರ್ ಟೋಪಿ ಸರಿಸಿ ಹಸಿ ಅದೇನು ನೋಡ್ರಿ, ಪೆಡಲ್ ಕೆಳಗಿನ ಮ್ಯಾಟ್ ಎತ್ತೂ ನೋಡ್ರಿ. ನಾನಾದ್ರ ಮಾಸ್ಟರ್, ಸ್ಲೇವ್ ಎರಡಕ್ಕೂ ಕೂಡೇ ಹೊಸ ರಬ್ಬರಿನ ಕಿಟ್ ಹಾಕಸ್ತೀನಿ, ಎರಡೂ ಒಂದೇ ವಯಸ್ಸಿನ ರಬ್ಬರ್, ಒಂದು ಹೊಸದಾತು ಅಂದ್ರ ಇನ್ನೊಂದು ಮುನಸ್ತದ. ಆದ್ರ ಸಿಲಿಂಡರ್ ಒಳಗ ಉಗುರು ಆಡಿಸಿದ್ರ ಗೀರು ಹತ್ತಿತಂದ್ರ ಕಿಟ್ ದಂಡ, ಪೂರಾ ಸಿಲಿಂಡರೇ ಹೊಸದು ತರ್ರಿ. ಪೆಡಲ್ ರಾಡ್ ಬಿಗಿ ಮಾಡ್ಬ್ಯಾಡ್ರಿ, ಸ್ವಲ್ಪ ಢಿಲಾ ಇರ್ಲೇಬೇಕು, ಇಲ್ಲಂದ್ರ ಪ್ರೆಶರ್ ಒಳಗೇ ಕುಂತು ಖರೇನೇ ಪ್ಲೇಟ್ ಸುಡ್ತದ.

ಇಷ್ಟೆಲ್ಲಾ ಆಗಿ, ಒಬ್ರು ತುಳದಾಗ ಸ್ಲೇವಿನ ರಾಡ್ ಪೂರಾ ಹೊರಗ ಬಂದ್ರೂ ಗೇರ್ ಗರ್ರ್ ಅಂತಂದ್ರ ಕ್ಲಚ್ ಪ್ಲೇಟ್ ಒತ್ತಿ ಹಿಡಿಯೋ ಒಳಗಿನ ಪ್ರೆಶರ್ ಪ್ಲೇಟೋ, ಕ್ಲಚ್ ಬಿಡಿಸೋ ಬೇರಿಂಗೋ ಹೋಗಿರ್ತದ, ಆಗ ಗೇರ್ ಬಾಕ್ಸ್ ಇಳಸ್ರಿ.

ಪ್ರಶ್ನೆ: ರಾತ್ರಿ ರಸ್ತಾದಾಗ ಕ್ಲಚ್ ಆಯಿಲ್ ಖಾಲಿ ಆದ್ರ ಇಂಜಿನ್ ಆಯಿಲ್ ಹಾಕ್ಬಹುದೇನ್ರಿ?
– ಓದುಗ, ಹುಮನಾಬಾದ್

ಉತ್ತರ: ಬ್ಯಾಡ್ರೀ ಯಪ್ಪಾ! ಆ ರಬ್ಬರಿಗಿ ಇಂಜಿನ್ ಆಯಿಲ್ ವಿಷ, ಉಬ್ಬಿ ಕೆಟ್ಟೋಗ್ತದ, ಮತ್ತ ಭಾಳ ಗಾಡಿದಾಗ ಕ್ಲಚ್ಚಿಗಿ ಬ್ರೇಕಿಗಿ ಬಾಟ್ಲಿ ಒಂದೇ ಇರ್ತದ. ಮುಚ್ಚಳದ ಮ್ಯಾಲ ಡಾಟ್ 3 ಅಂತೋ ಡಾಟ್ 4 ಅಂತೋ ಬ್ರೇಕ್ ಆಯಿಲಿನ ದರ್ಜಿ ಬರ್ದಿರ್ತದ, ಅದೇ ಹಾಕ್ರಿ, ಸೀಲ್ ಒಡದು ಮನ್ಯಾಗ ಬಿದ್ದ ಹಳೀ ಡಬ್ಬಿದು ಬ್ಯಾಡ, ಅದು ಗಾಳ್ಯಾಗಿನ ನೀರು ಹೀರ್ಕೋತದ. ಈಗಾಗ್ಲೇ ಇಂಜಿನ್ ಆಯಿಲ್ ಹಾಕೀರಿ ಅಂದ್ರ ಗಾಡಿ ಹೊಡೀಬ್ಯಾಡ್ರಿ, ಟೋ ಮಾಡ್ಸಿ ಗ್ಯಾರೇಜಿಗಿ ಒಯ್ಯಿರಿ.