ಹಸಿವು ನೀಗಿದ ಮೇಲೂ ಅಂತರದ ಚಿಂತೆ ಏಕೆ?

ಪ್ರಶ್ನೆ: ನಾನು 1976ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವನು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು, ಹೋಟೆಲಿನ ಮೇಜಿನ ಮೇಲೆಯೇ ಮಲಗಿ, ಮುಂದೆ ಬ್ಯಾಂಕ್ ಸೇರಿ ಸ್ವಂತ ಮನೆ ಮಾಡಿಕೊಂಡೆ. ಬಡವನಿಗೆ ಅನ್ನ, ವಸತಿ, ಔಷಧ ಸಿಕ್ಕರೆ ಸಾಲದೇ? ಸಿರಿವಂತನ ಬಳಿ ಎಷ್ಟಿದೆಯೆಂದು ಎಣಿಸುವುದು ಹೊಟ್ಟೆಕಿಚ್ಚಲ್ಲವೇ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಡೊಂಬಿವಲಿ)

ಉತ್ತರ: ಅಮೆರಿಕದ ತತ್ತ್ವಶಾಸ್ತ್ರಜ್ಞ ಹ್ಯಾರಿ ಫ್ರಾಂಕ್‌ಫರ್ಟ್ 1987ರ ಪ್ರಬಂಧವೊಂದರಲ್ಲಿ ಹೆಚ್ಚುಕಡಿಮೆ ನಿಮ್ಮ ಮಾತನ್ನೇ ಹೇಳಿದ್ದರು: ಎಲ್ಲರ ಬಳಿಯೂ ಸಮನಾಗಿರುವುದು ಮುಖ್ಯವಲ್ಲ, ಪ್ರತಿಯೊಬ್ಬರ ಬಳಿಯೂ ಸಾಕಷ್ಟಿರುವುದು ಮುಖ್ಯ. ಹಸಿದವನೆದುರು ಅಂತರದ ಅಂಕಿಅಂಶ ಓದಬಾರದೆಂಬಷ್ಟರ ಮಟ್ಟಿಗೆ ನಾನೂ ಅವರ ಪಕ್ಷದವನೇ. ತೊಡಕಿರುವುದು ‘ಸಾಕಷ್ಟು’ ಎಂಬ ಪದದಲ್ಲಿ. ಪಕ್ಕದ ಮೇಜಿನವರು ನಾಲ್ಕು ಪ್ಲೇಟ್ ಇಡ್ಲಿ ತಿಂದರೆ ನಿಮ್ಮ ತಟ್ಟೆಯ ಇಡ್ಲಿ ಚಿಕ್ಕದಾಗುವುದಿಲ್ಲ. ಆದರೆ ಮುಂಬಯಿಯ ನೆಲವನ್ನು ಬೇಕೆಂದಾಗ ರುಬ್ಬಿ ಬೇಯಿಸಲಾಗದು. ಅಲ್ಲಿ ಒಬ್ಬರ ಕೈಯಲ್ಲಿ ಹಣ ಹೆಚ್ಚಾದಂತೆ ಇನ್ನೊಬ್ಬರ ಖೋಲಿಯ ಬಾಡಿಗೆ ಏರುತ್ತದೆ.

ಮುಂಬಯಿಯ ಲೋವರ್ ಪರೇಲ್‌ನಲ್ಲಿ ಗಾಜಿನ ಗೋಪುರಗಳ ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ಬಟ್ಟೆ ಗಿರಣಿಯ ಚಿಮಣಿ ಇನ್ನೂ ನಿಂತಿರುವುದನ್ನು ನೀವು ನೋಡಿರುತ್ತೀರಿ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಉಳಿದದ್ದು ಸುಮಾರು 600 ಎಕರೆ ನೆಲ. ಅದನ್ನು ಅಭಿವೃದ್ಧಿಪಡಿಸುವಾಗ ಸ್ಥೂಲವಾಗಿ ಮೂರರಲ್ಲೊಂದು ಪಾಲು ನಗರಪಾಲಿಕೆಗೆ, ಇನ್ನೊಂದು ಅಗ್ಗದ ಮನೆಗಳಿಗಾಗಿ ರಾಜ್ಯದ ವಸತಿ ಮಂಡಳಿಯಾದ ಮ್ಹಾಡಾಕ್ಕೆ, ಮತ್ತೊಂದು ಮಾಲೀಕರಿಗೆ ಎಂಬುದು 1991ರ ನಿಯಮವಾಗಿತ್ತು. 2001ರ ತಿದ್ದುಪಡಿಯು ಕಟ್ಟಡವಿಲ್ಲದೆ ಖಾಲಿಯಿದ್ದ ನೆಲವನ್ನಷ್ಟೇ ಈ ಹಂಚಿಕೆಗೆ ಒಳಪಡಿಸಿತು. ಗಿರಣಿಯೆಂದರೆ ಬಹುಪಾಲು ಶೆಡ್ಡುಗಳೇ ಆದ್ದರಿಂದ ಹಂಚಲು ಉಳಿದದ್ದು ಅಲ್ಪ. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಯಾರೂ ಯಾರ ಜೇಬಿಗೂ ಕೈಹಾಕಲಿಲ್ಲ, ನಿಯಮದ ಒಂದು ವಾಕ್ಯ ಬದಲಾಯಿತು, ಅಷ್ಟೇ.

ಇಂಥ ವಾಕ್ಯ ನ್ಯಾಯವೇ ಎಂದು ಅಳೆಯಲು ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲಿ ಒಂದು ಉಪಾಯ ಸೂಚಿಸಿದರು. ನೀವು ಮಾಲೀಕರ ಮನೆಯಲ್ಲಿ ಹುಟ್ಟುವಿರೋ, ಮಗ್ಗದ ಮುಂದೆ ನಿಲ್ಲುವಿರೋ, ಖಾನಾವಳಿಯಲ್ಲಿ ಭಾಕರಿ ಬಡಿಯುವಿರೋ ಎಂಬುದು ಗೊತ್ತಾಗದಂತೆ ತೆರೆ ಎಳೆದುಕೊಂಡು ನಿಯಮ ರೂಪಿಸಿ. ರಾಲ್ಸ್ ಎಲ್ಲ ಅಸಮಾನತೆಯನ್ನೂ ತಳ್ಳಿಹಾಕಲಿಲ್ಲ. ಅವಕಾಶ ಎಲ್ಲರಿಗೂ ನ್ಯಾಯವಾಗಿ ತೆರೆದಿದ್ದು, ತೀರ ಕೆಳಗಿರುವವನ ಪಾಡು ಸುಧಾರಿಸುವುದಾದರೆ ಅಸಮಾನತೆಗೂ ಒಪ್ಪಿಗೆ ಕೊಟ್ಟರು. ಗಿರಣಿ ನೆಲದ ತಿದ್ದುಪಡಿಯ ಪರವಾದ ವಾದವೂ ಇದೇ ಜಾಡಿನದು: ನೆಲ ಮಾರಿದ ಹಣದಿಂದ ಕಾರ್ಮಿಕರ ಬಾಕಿ ತೀರುತ್ತದೆ. ಆದರೆ ಬಾಕಿ ಒಂದು ಸಲ ಬಂದು ಖರ್ಚಾಗುವಂಥದು, ಕೈತಪ್ಪಿದ ಮನೆಯಾದರೋ ಮಕ್ಕಳ ಕಾಲಕ್ಕೂ ಕೈತಪ್ಪಿದ್ದೇ. ತೆರೆಯ ಹಿಂದೆ ಕುಳಿತವನು ಆ ತಿದ್ದುಪಡಿಗೆ ಸಹಿ ಹಾಕುತ್ತಿದ್ದನೆಂದು ನನಗನಿಸುವುದಿಲ್ಲ.

ಇನ್ನು ನಿಮ್ಮ ಬದುಕಿನ ಮಾತು. ನಿಮ್ಮ ಶ್ರಮವನ್ನು ನಾನು ಕಿರಿದು ಮಾಡುತ್ತಿಲ್ಲ. ಆದರೂ ಹಗಲು ದುಡಿದು ಬಂದವರಿಗಾಗಿ ಇರುಳಲ್ಲಿ ಬಾಗಿಲು ತೆರೆದಿಟ್ಟ ಶಾಲೆ, 1969ರ ರಾಷ್ಟ್ರೀಕರಣದ ನಂತರ ಊರೂರಿಗೆ ಶಾಖೆ ತೆರೆಯುತ್ತಿದ್ದ ಬ್ಯಾಂಕುಗಳು, ಸಂಬಳದಾರನ ಕೈಗೆಟುಕುತ್ತಿದ್ದ ಡೊಂಬಿವಲಿ, ಇವು ನಿಮಗೆ ದೊರೆತ ಏಣಿಗಳು. ಇಂದು ಕುಂದಾಪುರದಿಂದ ಬರುವ ಹುಡುಗನಿಗೂ ನಿಮ್ಮಷ್ಟೇ ಹಟವಿದ್ದೀತು, ಮೇಜೂ ಸಿಕ್ಕೀತು. ಆದರೆ ಆ ಏಣಿಗಳು ಸಿಕ್ಕಾವೇ? ಅರ್ಥಶಾಸ್ತ್ರಜ್ಞರಾದ ಲೂಕಾ ಶಾನ್ಸೆಲ್, ತೋಮಾ ಪಿಕೆಟಿ ಮೊದಲಾದವರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022-23ರಲ್ಲಿ ಭಾರತದ ಅತಿ ಸಿರಿವಂತ ಶೇ. 1ರಷ್ಟು ಜನರ ಬಳಿ ದೇಶದ ಸಂಪತ್ತಿನ ಶೇ. 40.1 ಪಾಲಿತ್ತು. ಖರ್ಚಿನ ಸಮೀಕ್ಷೆಗಳು ತೋರಿಸುವ ಅಂತರ ಇದಕ್ಕಿಂತ ಬಹಳ ಕಡಿಮೆ. ಅದಕ್ಕೆ ಒಂದು ಕಾರಣ, ಉಳ್ಳವರು ತಮ್ಮ ಆದಾಯದ ದೊಡ್ಡ ಭಾಗವನ್ನು ಉಣ್ಣದೆ ಕೂಡಿಡುತ್ತಾರೆ, ಮತ್ತು ಹಾಗೆ ಕೂಡಿಟ್ಟದ್ದೇ ಮುಂದೆ ನೆಲವನ್ನು ಕೊಳ್ಳುತ್ತದೆ.

ಪರೇಲಿನ ಚಾಳಿನಲ್ಲಿ ವರ್ಷಗಟ್ಟಲೆ ಬಾಳಿದ ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯಕ್ಕೆ ನಾವು ಕಾಲಿಡುತ್ತಿದ್ದೇವೆಂದು ಎಚ್ಚರಿಸಿದ್ದರು. ಅದನ್ನು ಹೊಟ್ಟೆಕಿಚ್ಚಿನ ಮಾತೆಂದು ನೀವೂ ಕರೆಯಲಾರಿರಿ.

ಪ್ರಶ್ನೆ: ಪುಣೆಯ ಐಟಿ ಕೇಂದ್ರವಾದ ಹಿಂಜವಡಿಯಲ್ಲಿ ದುಡಿಯುವ ನನ್ನ ಮಗಳಿಗೆ ಸಿಗುವ ಸಂಬಳ, ಅದೇ ಕೆಲಸ ಮಾಡುವ ಅಮೆರಿಕದ ಸಹೋದ್ಯೋಗಿಯ ಸಂಬಳದ ಒಂದು ಸಣ್ಣ ಪಾಲು. ಇದು ಅನ್ಯಾಯವಲ್ಲವೇ?
(ಗೃಹಿಣಿ, ಪುಣೆ)

ಉತ್ತರ: ಜಗತ್ತಿನ ಜನರ ಆದಾಯದ ಏರುಪೇರಿನಲ್ಲಿ ಅರ್ಧಕ್ಕೂ ಹೆಚ್ಚಿನದಕ್ಕೆ ಅವರು ಬಾಳುವ ದೇಶವೇ ಕಾರಣವೆಂದು ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲನೊವಿಚ್ ಲೆಕ್ಕ ಹಾಕಿದ್ದಾರೆ. ಹುಟ್ಟಿದ ಮನೆಯಂತೆ ಹುಟ್ಟಿದ ದೇಶವೂ ನಾವು ಗಳಿಸಿದ್ದಲ್ಲ. ಹಾಗಿದ್ದೂ, ತಮ್ಮ ತತ್ತ್ವವನ್ನು ಗಡಿಯಾಚೆಗೆ ಒಯ್ಯಲು ರಾಲ್ಸ್ 1999ರಲ್ಲಿ ನಿರಾಕರಿಸಿದರು. ನನಗೆ ಅವರ ಈ ಹಿಂಜರಿಕೆ ಒಪ್ಪಿಗೆಯಿಲ್ಲ, ಏಕೆಂದರೆ ಗಡಿಯಾಚೆಯೂ ನಿಯಮಗಳಿವೆ, ಅವನ್ನು ಬರೆಯುವ ಕೈಗಳೂ ಇವೆ: ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಪ್ರಮುಖ ಬದಲಾವಣೆಗೆ ಶೇ. 85 ಮತ ಬೇಕು, ಅಮೆರಿಕವೊಂದರ ಬಳಿಯೇ ಶೇ. 16ಕ್ಕಿಂತ ಹೆಚ್ಚು ಮತಗಳಿವೆ, ಎಂದರೆ ಅದು ಒಪ್ಪದೆ ಅಂಥ ಬದಲಾವಣೆ ಸಾಧ್ಯವಿಲ್ಲ. ಒಂದು ಮಾತು ಮಾತ್ರ ಸೇರಿಸಬೇಕು. ಡಾಲರನ್ನು ರೂಪಾಯಿಗೆ ಬದಲಿಸಿ ನೋಡುವ ಬದಲು ಅಲ್ಲಿನ ಮತ್ತು ಇಲ್ಲಿನ ಬೆಲೆಗಳನ್ನು ಹೋಲಿಸಿದರೆ ಅಂತರ ಸಾಕಷ್ಟು ಕುಗ್ಗುತ್ತದೆ. ಪುಣೆಯಲ್ಲಿ ಜೀವನ ಅಗ್ಗವಾಗಿರಲು ಒಂದು ಮುಖ್ಯ ಕಾರಣವೆಂದರೆ, ನಿಮ್ಮ ಮಗಳ ಮನೆಗೆ ಬೆಳಿಗ್ಗೆ ಬಂದು ಚಪಾತಿ ಲಟ್ಟಿಸಿಕೊಡುವ ಕೆಲಸದಾಕೆಯ ಕೂಲಿ ಅಗ್ಗವಾಗಿರುವುದು.